ಕೊಳವೆಯೊಳಗಿನ ಮಸಿ

ಅಕ್ಕನ ಬಲಹುಬ್ಬು ಅರ್ಧವೇ ಇತ್ತು. ಒಲೆಗೆ ಬಗ್ಗಿ ಊದುವಾಗ ಸುಟ್ಟುಹೋದದ್ದು ಮತ್ತೆ ಬೆಳೆದಿರಲಿಲ್ಲ. ಕಣ್ಣು ಸದಾ ಕೆಂಪು, ಮಾತಿನ ನಡುವೆ ಕೆಮ್ಮು. ದೇಲಂಪಾಡಿಯಲ್ಲಿ ಟೀಚರಾಗಿದ್ದಾಗ ನಾನು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ; ಊರವರಂತೆ ನಾನೂ ಅಕ್ಕ ಎನ್ನುತ್ತಿದ್ದೆ.

ಊರಿನ ಹೆಂಗಸರ ಕೂಟಕ್ಕೆ ಅವರೇ ಅಧ್ಯಕ್ಷೆ. ಯಾವುದೋ ಸಂಸ್ಥೆಯ ಬೆನ್ನು ಹತ್ತಿ ಹನ್ನೆರಡು ಮನೆಗಳಿಗೆ ಹೊಗೆಕೊಳವೆಯ ಒಲೆ ಹಾಕಿಸಿದ್ದರು. ಅದರಲ್ಲಿ ಕಟ್ಟಿಗೆ ಕಡಿಮೆ ಉರಿದಷ್ಟೂ ಗಾಳಿಗೆ ಸೇರುವ ಇಂಗಾಲ ಉಳಿಯಿತೆಂದು ಲೆಕ್ಕ; ಆ ಉಳಿತಾಯಕ್ಕೆ ಹೊರದೇಶದ ಕಂಪೆನಿಯೊಂದು ಹಣ ಕೊಡುತ್ತಿತ್ತು.

"ಅವರು ಅಲ್ಲಿ ಹೊಗೆ ಬಿಡುವುದು, ನಾವು ಇಲ್ಲಿ ಕಮ್ಮಿ ಮಾಡುವುದು. ಎಂತ ವ್ಯಾಪಾರ ಟೀಚರೇ ಇದು!" ಎಂದು ನಗುತ್ತಿದ್ದರು.

ಕಂಪೆನಿಯ ಕಡೆಯಿಂದ ತಪಾಸಣೆಯ ಸುದ್ದಿ ಬಂದಾಗ ಆ ನಗು ನಿಂತಿತು. ಒಲೆಗಳು ನಿಜಕ್ಕೂ ಬಳಕೆಯಲ್ಲಿವೆ ಎಂದು ಅಧಿಕಾರಿ ಒಪ್ಪಿದರೆ ಮಾತ್ರ ಹೊಳೆಯಾಚೆಯ ಮನೆಗಳಿಗೂ ಒಲೆ ಸಿಗುತ್ತಿತ್ತು. ಅಲ್ಲಿ ಅಕ್ಕನ ಬಸುರಿ ಮಗಳು ಹೊಗೆ ಕುಡಿಯುತ್ತಲೇ ಅಡುಗೆ ಮಾಡುತ್ತಿದ್ದಳು.

ನಾನು ಬುದ್ಧಿವಂತಿಕೆ ತೋರಿಸಿದೆ. "ಒಲೆ ಸ್ವಚ್ಛ ಇರಲಿ ಅಕ್ಕ" ಎಂದೆ. ಅವರು ಮನೆಮನೆಗೂ ಹೇಳಿದರು. ನೆಂಟರು ಬರುವ ದಿನದಂತೆ ಎಲ್ಲರೂ ಬೂದಿ ಬಾಚಿ, ಒಲೆ ಉಜ್ಜಿ, ಸೆಗಣಿ ಸಾರಿಸಿದರು. ಸಾರಿಸಿದ್ದು ಹಾಳಾಗಬಾರದೆಂದು ಅಧಿಕಾರಿಯ ಚಹಾವನ್ನೂ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಕಾಸಿದರು!

ಮೂರು ಮನೆ ನೋಡುವಷ್ಟರಲ್ಲಿ ಅಧಿಕಾರಿಯ ಮುಖ ಬಿಗಿಯಿತು. "ಇವನ್ನು ಯಾರೂ ಉರಿಸಿಯೇ ಇಲ್ಲ" ಎಂದು ಬರೆಯತೊಡಗಿದರು. ತೊಳೆಸಿದ್ದು ನಾನು ಎನ್ನುವ ಧೈರ್ಯ ನನಗೆ ಬರಲಿಲ್ಲ.

"ಬರೀಬೇಡಿ ಸರ್. ತೊಳೀಲಿಕ್ಕೆ ಹೇಳಿದ್ದು ನಾನು, ತಪ್ಪು ನಂದು" ಎಂದ ಅಕ್ಕ, ಕೊಳವೆಯ ಬುಡದ ಮುಚ್ಚಳ ಕಿತ್ತು ಮೊಣಕೈವರೆಗೆ ಕೈ ತೂರಿಸಿದರು. ಮುಷ್ಟಿ ತುಂಬ ಮಸಿ ಬಂತು. "ಇದು ಒಂದು ದಿನದ್ದಾ ಸರ್? ಬಾಕಿ ಮನೆಯದ್ದೂ ತೆಗೀತೇನೆ, ಬನ್ನಿ."

ಹನ್ನೆರಡೂ ಮನೆ. ಪ್ರತಿ ಸಲವೂ ಆ ಕೈ ಒಳಗೆ ಹೋಗಿ ಮಸಿ ಹಿಡಿದೇ ಬಂತು. ಕೊನೆಯ ಮನೆಗೆ ಬರುವಾಗ ಅಕ್ಕ ಭುಜದವರೆಗೂ ಕಪ್ಪು; ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಿದ್ದರು. ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿದರು.

ಆಮೇಲೆ ಕೇಳಿದೆ, "ನನ್ನ ಹೆಸರು ಯಾಕೆ ಹೇಳಲಿಲ್ಲ ಅಕ್ಕ?"

"ನೀವು ನಾಳೆ ಮಕ್ಕಳ ಎದುರು ನಿಲ್ಲಬೇಕಲ್ವಾ?"

ಮಳೆಗಾಲ ಕಳೆದ ಮೇಲೆ ಹೊಳೆಯಾಚೆಗೂ ಒಲೆ ಬಂತು. ಎರಡು ವರ್ಷದ ನಂತರ ಅದೇ ಕೆಮ್ಮಿನಲ್ಲಿ ಅಕ್ಕ ತೀರಿಕೊಂಡರು. ಅವರ ಮಣ್ಣಿಗೆಂದು ಸೇರಿದ್ದ ಹೆಂಗಸರೆಲ್ಲ ಆ ತಪಾಸಣೆಯ ದಿನವನ್ನು ನೆನೆದರು. "ಪಾಪ, ಒಲೆ ತೊಳೆಸಿ ಒಂದು ತಪ್ಪು ಮಾಡಿದ್ದರು, ಅವರೇ ಸರಿಮಾಡಿದರು" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.