ಅರಳು ಹಾಕುವ ಕೈ

ಬಸವನಗುಡಿಯ ಮಧ್ಯಾಹ್ನಗಳು ನನ್ನನ್ನು ಹಾಳು ಮಾಡಿವೆ. ಊಟವಾದ ಮೇಲೆ ಪುಸ್ತಕ ಹಿಡಿದು ಕೂತರೆ ಹೊಂಗೆಯ ನೆರಳು ಕಿಟಕಿಯಿಂದ ಒಳಗೆ ಬಂದು ಹಾಳೆಯ ಮೇಲೆ ಅಲ್ಲಾಡುತ್ತದೆ, ಅಕ್ಷರಗಳು ಮೆಲ್ಲಗೆ ತೇಲತೊಡಗುತ್ತವೆ. ಆ ಪುಸ್ತಕಗಳಲ್ಲಿರುವುದೋ ಬಾಂಬು, ದ್ವೇಷ, ಸಾವು. ಅಂಥದ್ದನ್ನು ಓದುತ್ತಾ ತೂಕಡಿಸುವ ಹೆಂಗಸು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಮನಶ್ಶಾಸ್ತ್ರ ಪಾಠ ಹೇಳಿಕೊಂಡು ಹಾಯಾಗಿದ್ದವಳು ನಲವತ್ತು ದಾಟಿದ ಮೇಲೆ ಪಿಎಚ್‌.ಡಿ.ಗೆ ಕೂತೆ. ಕೆಲಸ ಹುಡುಕಿಕೊಂಡು ಊರು ಬಿಟ್ಟ ಹುಡುಗರು ಉಗ್ರಗಾಮಿ ಗುಂಪುಗಳಿಗೆ ಹೇಗೆ ಸೇರುತ್ತಾರೆ, ಹೇಗೆ ಹೊರಗೆ ಬರುತ್ತಾರೆ ಎಂಬುದು ನನ್ನ ವಿಷಯ. ಎದುರು ಮನೆಯ ಆಂಟಿ ಕೇಳಿದರು, "ಅಲ್ಲಾ, ಟೆರರಿಸಂ ಓದಿದ್ರೆ ಎಲ್ಲಿ ಕೆಲಸ ಸಿಗತ್ತೆ?"

"ಇವಳಿಗೆ ಕೆಲಸ ಇದೆ ಕಣ್ರೀ, ತಲೆ ಇಲ್ಲ ಅಷ್ಟೆ" ಎಂದು ಅಮ್ಮ ನನ್ನ ಪರವಾಗಿ ಉತ್ತರ ಕೊಟ್ಟಳು.

ನಾನು ಮಾತಾಡಿಸಿದವರಲ್ಲಿ ಒಬ್ಬ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ. ಎದುರಿಗೆ ನೀವು ಎನ್ನುತ್ತಿದ್ದೆ. ನೆನಪಿನಲ್ಲಿ ಮಾತ್ರ ಅವನು ಅವನೇ, ತಮ್ಮನ ಹಾಗೆ. ತುಮಕೂರಿನ ಕಡೆಯವನು. ಹುಡುಗುಪ್ರಾಯದಲ್ಲೇ ದೂರದ ರಾಜ್ಯದ ಕಾರ್ಖಾನೆಗೆ ಹೋಗಿ ಅಲ್ಲೊಂದು ಗುಂಪು ಸೇರಿದ. ಯಾವ ಗುಂಪು, ಯಾವ ಬಾವುಟ ಎಂದು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಒಳಗೇನಿದೆ ಎಂದು ಗೊತ್ತಿದ್ದೂ ಒಂದು ಚೀಲ ಸಾಗಿಸಿದ. ಅದು ಸಿಡಿಯುವ ಮೊದಲೇ ಪೊಲೀಸರಿಗೆ ಸಿಕ್ಕಿತು. ಜೈಲು ಮುಗಿಸಿ ಬಂದವನಿಗೆ ಊರಿಗೆ ಹೋಗಲು ಮುಖವಿರಲಿಲ್ಲ, ಇಲ್ಲೇ ಉಳಿದ.

ಕಹಳೆ ಬಂಡೆಯ ಪಾರ್ಕಿನಲ್ಲಿ ಸಂಜೆ ಭೇಟಿಯಾಗುತ್ತಿದ್ದೆವು. ಬಾವಲಿಗಳು ಮರದ ತುಂಬ ತಲೆಕೆಳಗಾಗಿ ತೂಗುತ್ತಿದ್ದವು. ಬಂಡೆ ಹಗಲಿನ ಬಿಸಿಲನ್ನು ಇನ್ನೂ ಇಟ್ಟುಕೊಂಡಿರುತ್ತಿತ್ತು. ಆ ಬೆಚ್ಚನೆಯ ಕಲ್ಲಿಗೆ ಒರಗಿ ಅವನ ಮಾತು ಕೇಳುತ್ತಿದ್ದರೆ, ಯಾರದೋ ಕನಸಿನೊಳಗೆ ಕೂತಿದ್ದೇನೆ ಅನ್ನಿಸುತ್ತಿತ್ತು.

"ಅಲ್ಲಿ ನನ್ನನ್ನ ಯಾರೂ ಹೆಸರು ಹಿಡ್ದು ಕರೀತಿರ್ಲಿಲ್ಲ ಮೇಡಂ. ಒಬ್ಬ ಮಾತ್ರ ದಿನಾ ಅವನ ಭಾಷೇಲಿ ಊಟ ಆಯ್ತಾ ಅಂತ ಕೇಳ್ತಿದ್ದ. ಆಮೇಲಾಮೇಲೆ ಅವನು ಏನ್ ಹೇಳಿದ್ರೂ ಸರಿ ಅನ್ಸೋದು."

ನನ್ನ ಪುಸ್ತಕಗಳಲ್ಲಿ ಇದಕ್ಕೆ ಉದ್ದುದ್ದ ಹೆಸರುಗಳಿವೆ. ಬೀದಿಯಲ್ಲಿ ಸಿಕ್ಕವರೆಲ್ಲ ಊಟ ಆಯ್ತಾ ಎಂದು ಕೇಳುವ ಊರಿನಲ್ಲಿ ಬೆಳೆದವಳು ನಾನು, ಆ ಹೆಸರುಗಳಲ್ಲಿ ಒಂದನ್ನೂ ಆ ಸಂಜೆ ಬರೆದುಕೊಳ್ಳಲಿಲ್ಲ. ಹಾಗೆಂದು ಚೀಲ ಹೊತ್ತದ್ದನ್ನು ನಾನು ಮನ್ನಿಸಲಿಲ್ಲ. ಮನ್ನಿಸಿ ಎಂದು ಅವನೂ ಕೇಳಲಿಲ್ಲ.

ಅಷ್ಟರಲ್ಲಿ ಅವನ ತಂಗಿಗೆ ಮದುವೆ ಗೊತ್ತಾಯಿತು. ಅವಳಿಗೆ ಇವನೊಬ್ಬನೇ ಅಣ್ಣ. ಹೋಮದ ಮುಂದೆ ಮದುಮಗಳು ಬೊಗಸೆ ಒಡ್ಡುತ್ತಾಳೆ, ಒಡಹುಟ್ಟಿದವನು ಅದಕ್ಕೆ ಅರಳು ಹಾಕುತ್ತಾನೆ, ಅವಳು ಬೆಂಕಿಗೆ ಸುರಿಯುತ್ತಾಳೆ. ಅವನಿಗೆ ಬೇಕಾಗಿದ್ದುದು ಅಷ್ಟೇ. "ಅರಳು ಹಾಕಿ, ಊಟಕ್ಕೂ ಕೂರ್ದೆ ಬಂದ್ಬಿಡ್ತೀನಿ" ಎನ್ನುತ್ತಿದ್ದ. ಗಂಡಿನ ಮನೆಯವರು ಎಲ್ಲ ತಿಳಿದೇ ಒಪ್ಪಿದ್ದರು. ಊರವರ ಕಣ್ಣಿಗೆ ಹೆದರುತ್ತಿದ್ದವರು ಅವನ ಅಪ್ಪ.

ಒಂದು ಸಂಜೆ, ಅಪ್ಪ ಪ್ರೆಸ್ಸಿಗೆ ಬಂದಿದ್ದರು ಎಂದ. ಬಾಗಿಲಲ್ಲೇ ನಿಂತು ಲಗ್ನಪತ್ರಿಕೆ ಕೊಟ್ಟು, ಅಕ್ಷತೆ ಕೈಗಿಟ್ಟು, ಮದುವೆಗೆ ಬರಬೇಕು ಎಂದು ಹೇಳಿ ಹೋದರಂತೆ.

"ಕರೆದ್ರಲ್ಲ! ಇನ್ನೇನು ಬೇಕು?" ಎಂದು ನಾನು ಹಿಗ್ಗಿದೆ.

"ಮನೆಯವರನ್ನ ಯಾರಾದ್ರೂ ಕರೀತಾರಾ ಮೇಡಂ?"

ಹೌದಲ್ಲ. ನಮ್ಮನೆಯ ಮದುವೆಗೆ ಶಂಕರಪುರಂನ ಮನೆಮನೆಗೂ ಕುಂಕುಮದ ಬಟ್ಟಲು ಹಿಡಿದು ಹೋಗಿದ್ದೆವು. ಆದರೆ ಚಿಕ್ಕಪ್ಪನ ಕೈಗೆ ಪತ್ರಿಕೆ ಕೊಟ್ಟಿದ್ದರೆ ಅವರು ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಕರೆಯುವುದು ಹೊರಗಿನವರನ್ನು. ಮನೆಯವರಿಗೆ ಕೆಲಸ ಹೇಳುತ್ತಾರೆ, ಬೈಯುತ್ತಾರೆ. ಅಪ್ಪ ಅಷ್ಟು ದೂರ ಬಂದು, ಬಹಳ ಮರ್ಯಾದೆಯಿಂದ, ಮಗನನ್ನು ಹೊರಗಿಟ್ಟು ಹೋಗಿದ್ದರು.

"ಮೊನ್ನೆ ಅವನು ಫೋನ್ ಮಾಡಿದ್ದ" ಎಂದ. "ಆ ಕಾರ್ಖಾನೆಯವನು. ನಂಬರ್ ಹೇಗೆ ಸಿಕ್ತೋ. ಊಟ ಆಯ್ತಾ ಅಂದ. ಕಟ್ ಮಾಡ್ದೆ. ಇನ್ನೊಂದ್ಸಲ ಮಾಡಿದ್ರೆ ಏನ್ಮಾಡ್ತೀನೋ ಗೊತ್ತಿಲ್ಲ."

ನನಗೆ ನಿಜವಾಗಿ ಭಯವಾಯಿತು. ಪೊಲೀಸರಿಗೆ ತಿಳಿಸಿ ಎಂದೆ, ನಾಳೆ ಹೋಗ್ತೀನಿ ಎಂದ. ಹೋದ ಕೂಡ. ಆದರೂ ಆ ವಾರವಿಡೀ ಗಾಂಧಿ ಬಜಾರಿನ ಹೂವಿನ ರಾಶಿಗಳ ನಡುವೆ ನಿದ್ದೆಗಣ್ಣಿನವಳ ಹಾಗೆ ಓಡಾಡಿದೆ. ಮಲ್ಲಿಗೆ ಕಂಡರೂ ಅವನ ತಂಗಿಯದೇ ಯೋಚನೆ.

ಮುಂದಿನ ಭೇಟಿಯಲ್ಲಿ ಅವನ ಫೋನ್ ರಿಂಗಾಯಿತು. ಇಬ್ಬರೂ ಬೆಚ್ಚಿದೆವು. ತಂಗಿ. ಅವಳ ದನಿ ನನಗೂ, ಬಹುಶಃ ಬಾವಲಿಗಳಿಗೂ, ಕೇಳಿಸುವಷ್ಟು ಜೋರಾಗಿತ್ತು.

"ಎಲ್ಲಿ ಸತ್ತಿದ್ದೀಯಾ? ಚಪ್ಪರ ಹಾಕ್ಸೋಕೆ ಜನ ಇಲ್ಲ, ಅಪ್ಪಂಗೆ ಮಂಡಿನೋವು. ಬರ್ತಾ ಅಲ್ಲಿಂದ್ಲೇ ಒಳ್ಳೆ ಅರಳು ತಗೊಂಡ್ಬಾ."

"ಅಪ್ಪ ಪತ್ರಿಕೆ ಕೊಟ್ಟೋದ್ರು..."

"ಅದನ್ನ ಹರ್ದಾಕು. ನೀನ್ ಬರ್ದಿದ್ರೆ ನಾನು ಬೊಗಸೆ ಒಡ್ಡಲ್ಲ ಅಂತ ಅಪ್ಪಂಗೆ ಅಂದಿದೀನಿ. ಬೇಗ ಬಾ, ಕೆಲಸ ಬೆಟ್ಟದಷ್ಟಿದೆ."

ಅಷ್ಟು ಬೈಸಿಕೊಂಡು ಅಷ್ಟು ಸಂತೋಷಪಟ್ಟವನನ್ನು ನಾನು ಕಂಡಿಲ್ಲ. ಗಾಂಧಿ ಬಜಾರಿಗೆ ನಡೆದು, ಪೂಜೆಸಾಮಾನಿನ ಅಂಗಡಿಯಲ್ಲಿ ಅರಳು ಕೊಂಡೆವು. ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡು ಗರಿಗರಿಯಾಗಿದೆಯೇ ಎಂದು ನೋಡಿಯೇ ಕಟ್ಟಿಸಿದ.

ಹೊರಗೆ ಬರುವಾಗ ಮತ್ತೆ ಫೋನ್. ಪರದೆ ನೋಡಿದವನ ಮುಖದಿಂದಲೇ ಯಾರೆಂದು ಗೊತ್ತಾಯಿತು. ಎತ್ತಬೇಡಿ ಎಂದೆ. ಅವನು ಎತ್ತಿ ಕಿವಿಗಿಟ್ಟು ಒಂದು ಕ್ಷಣ ಕೇಳಿಸಿಕೊಂಡ. ಆಮೇಲೆ ಆ ಮನುಷ್ಯನಿಗೆ ಅರ್ಥವಾಗದ ಕನ್ನಡದಲ್ಲಿ, ನೆಮ್ಮದಿಯಾಗಿ ಹೇಳಿದ:

"ಇನ್ನೂ ಇಲ್ಲ. ನಮ್ಮನೇಲಿ ಮಾಡ್ತೀನಿ."

ಫೋನ್ ಜೇಬಿಗಿಟ್ಟ. ಅರಳು ಪುಡಿಯಾಗದ ಹಾಗೆ ಪೊಟ್ಟಣವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ತುಮಕೂರಿನ ಬಸ್ಸಿಗೆ ಹೊರಟ.