ಹೆಣ್ಣು ನೋಡಲು ಹೋಗಿ ತೊಡೆ ತಟ್ಟಿದ ನನ್ನ ಮಗ

ಮೊಮ್ಮಗಳು ಹುಟ್ಟಿದಳು! ನನ್ನ ಮಗ ಮಹದೇವನಿಗೆ ಹೆಣ್ಣುಮಗು! ಇದನ್ನು ಮೊದಲು ಹೇಳಿಬಿಡದಿದ್ದರೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ. ನೀವು ಓದಿದವರು, ನಾನು ಕೂಲಿಮಠದ ಮರಳಿನಲ್ಲಿ ಬೆರಳಿಂದ ತಿದ್ದಿದವನು. ತಪ್ಪು ಕಂಡರೆ ನಕ್ಕುಬಿಡಿ, ಇವತ್ತು ಯಾರು ನಕ್ಕರೂ ನನಗೆ ಸಂತೋಷವೇ.

ಬೆಳಿಗ್ಗೆ ಅರಕಲಗೂಡಿನಿಂದ ಇದ್ದಿಲು ಉರಿಸಿ ಓಡುವ ಬಸ್ಸು ಚನ್ನರಾಯಪಟ್ಟಣದ ನಮ್ಮ ಕೊಬ್ಬರಿ ಅಂಗಡಿಯ ಮುಂದೆ ನಿಂತಿತು. ಡ್ರೈವರು ಮಸಿಮುಖದಲ್ಲೇ ಕೂಗಿದ: "ಯಜಮಾನ್ರೇ, ಸೊಸೆ ತವ್ರಲ್ಲಿ ಎತ್ತವ್ಳೆ! ಲಕ್ಷ್ಮಿ ಬಂದವ್ಳೆ!" ನಾನೂ ನನ್ನ ಹೆಂಡತಿ ಗೌರಮ್ಮನೂ ಅದೇ ಬಸ್ಸು ವಾಪಸು ಹೊರಟಾಗ ಹತ್ತಿದೆವು. ಹೊಳೆನರಸೀಪುರದಲ್ಲಿ ಮಗ ಹತ್ತಿ ನನ್ನ ಪಕ್ಕ ಕುಳಿತ. ಅವನು ಅಲ್ಲಿನ ಶಾಲೆಯ ಡ್ರಿಲ್ ಮೇಷ್ಟ್ರು. ಗರಡಿಯಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದವನು ಸುದ್ದಿ ಕೇಳಿ ಹಾಗೆಯೇ ಓಡಿಬಂದಿದ್ದ. ಮೈಯೆಲ್ಲ ಕೆಮ್ಮಣ್ಣಿನ ವಾಸನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹಳೆಯದೆಲ್ಲ ನುಗ್ಗಿಬಂತು.

ಇವನನ್ನು ಅಮಲ್ದಾರನನ್ನಾಗಿ ಮಾಡಬೇಕೆಂದು ಹಾಸನದ ಹೈಸ್ಕೂಲಿಗೆ ಹಾಕಿದವನು ನಾನು. ಅವನು ಅಲ್ಲಿ ಕಲಿತದ್ದು ಸಾಮು ತೆಗೆಯುವುದನ್ನು. ಮೈಸೂರಿನ ಕಾಲೇಜಿಗೆ ಹೋದ ಮೇಲಂತೂ ಕೇಳಬೇಡಿ! ಕಾಲೇಜು ಕಾಲೇಜುಗಳ ಕುಸ್ತಿಯಲ್ಲಿ ಇವನ ಎದುರು ನಿಲ್ಲುವವರಿರಲಿಲ್ಲ. ಒಂದು ಕುಸ್ತಿಗೆ ನಾನೂ ಹೋಗಿದ್ದೆ. ಇವನು ಎದುರಾಳಿಯನ್ನು ಎತ್ತಿ ಬೆನ್ನು ಮಣ್ಣಿಗೆ ಹಚ್ಚಿದಾಗ ನಾನು ಎಗರಿದ ಎಗರಿಗೆ ಪಕ್ಕದವರ ಛತ್ರಿ ಮುರಿಯಿತು. ಗೆದ್ದು ತಂದ ಬೆಳ್ಳಿ ಬಟ್ಟಲಲ್ಲಿ ಗೌರಮ್ಮ ಅಕ್ಕಿ ಅಳೆಯತೊಡಗಿದಳು.

ಕೊನೆಯ ವರ್ಷದ ಕುಸ್ತಿಯಲ್ಲಿ ಬಿದ್ದ. ಎಡಭುಜ ಹೋಯಿತು. ಊರಿಗೆ ಬಂದವನು ಕಾಯಿ ಒಣಗಲು ಹಾಕಿದ್ದ ಅಟ್ಟ ಹತ್ತಿ ಕತ್ತಲಲ್ಲಿ ಕುಳಿತುಬಿಟ್ಟ. ಊಟಕ್ಕಷ್ಟೇ ಇಳಿಯುತ್ತಿದ್ದ. ಮಾತಿಲ್ಲ, ನಗುವಿಲ್ಲ. ಮದುವೆಯ ಮಾತೆತ್ತಿದರೆ ಎದ್ದುಹೋಗುತ್ತಿದ್ದ. ಗೌರಮ್ಮ ಅಳುತ್ತ ಕೇಳಿದಳು: "ಅಟ್ಟದ್ ಮ್ಯಾಲೆ ವರ್ಸ ಇದ್ರೆ ಕಾಯಿ ಕೊಬ್ರಿ ಆಯ್ತದೆ. ಇವ್ನು ಏನಾಯ್ತಾನೆ ಯೋಳಿ?" ಮಗ ಇನ್ನು ಮನುಷ್ಯರ ನಡುವೆ ಬರುವುದಿಲ್ಲವೆಂದೇ ನನಗೂ ಹೆದರಿಕೆ.

ತಾಯಿಯ ಅಳು ನೋಡಲಾರದೆ ಒಂದು ದಿನ ಅರಕಲಗೂಡಿಗೆ ಹೆಣ್ಣು ನೋಡಲು ಹೊರಟ. ದಾರಿಯಲ್ಲೇ ಅಂದಿದ್ದ: "ನೋಡ್ಕಂಡ್ ಬರಾನ ಅಪ್ಪಾ. ಒಪ್ಕಳಾಕ್ ಮಾತ್ರ ಆಗಾಕಿಲ್ಲ. ಸೋತೋನ್ಗೆ ಯಾಕ್ ಹೆಣ್ಣು?"

ಹುಡುಗಿ ಪಾರ್ವತಿ ಎಲೆಅಡಿಕೆ ತಟ್ಟೆ ಹಿಡಿದು ಬಂದಳು. ನಡುಮನೆಯೆಲ್ಲ ನಿಶ್ಶಬ್ದ. ಎಲ್ಲರ ಕಣ್ಣೂ ಮಗನ ಮೇಲೆ. ಅಖಾಡದಲ್ಲಿ ಜನ ಹೀಗೆ ಉಸಿರು ಹಿಡಿದಾಗಲೇ ಪೈಲ್ವಾನ ತೊಡೆ ತಟ್ಟುವುದು. ಗಾಬರಿಯಲ್ಲಿ ಇವನಿಗೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತೋ ಏನೋ, ಎದ್ದು ನಿಂತು ಚಟ್ಟನೆ ತೊಡೆ ತಟ್ಟಿಬಿಟ್ಟ!

ನಾನು ಭೂಮಿಗಿಳಿದು ಹೋದೆ. ತಟ್ಟಿದ ತೊಡೆಗೆ ಉತ್ತರ ಕೊಡದಿದ್ದರೆ ಸೋತಂತೆ, ಅದು ಗರಡಿಯ ಕಟ್ಟಳೆ. ಹುಡುಗಿಯ ಸೋದರಮಾವ ನಂಜಪ್ಪನವರು ಕುಸ್ತಿಯಾಡಿ ಕಿವಿ ಮುದುಡಿಹೋಗಿದ್ದ ಹಳೇ ಪೈಲ್ವಾನರು. ಪಂಚೆ ಎತ್ತಿ ಕಟ್ಟಿ ಗುಡುಗಿದರು: "ಯಾರ್ ಮ್ಯಾಲಯ್ಯಾ ತೊಡೆ ತಟ್ದೆ? ನಮ್ ಹುಡ್ಗಿ ಮ್ಯಾಲೋ, ನನ್ ಮ್ಯಾಲೋ?"

"ತಪ್ಪಾಯ್ತು ಯಜಮಾನ್ರೇ, ಅಭ್ಯಾಸ. ನನ್ ಎಡಭುಜ ಓಗ್ಬುಟ್ಟದೆ, ಆಡಾಕಾಗಲ್ಲ."

"ನಂಗೆ ಎಲ್ಡು ಮಂಡೀನೂ ಓಗವೆ. ಲೆಕ್ಕ ಸರಿಯಾಯ್ತು, ಬಾ ಅಂಗಳಕ್ಕೆ!"

ಹೋದರು ನೋಡಿ! ನಂಜಪ್ಪನವರು ಎಳೆದರು, ಇವನು ಬಲಗೈ ಒಂದರಲ್ಲೇ ಅವರ ಸೊಂಟ ಹಿಡಿದು, ಕಾಲು ಅಡ್ಡ ಕೊಟ್ಟು, ಮಗುವನ್ನು ಕೂರಿಸುವ ಹಾಗೆ ಹುಲ್ಲಿನ ಮೆದೆಯ ಮೇಲೆ ಕೂರಿಸಿಬಿಟ್ಟ. ಪಾರ್ವತಿ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. "ಹೆಣ್ಣು ನಿಂದೇ ಕಣಯ್ಯ, ಮೊದ್ಲು ನನ್ನ ಎಬ್ಸು!" ಎಂದರು ಹುಲ್ಲಿನೊಳಗಿಂದ. ಮಗನೂ ನಕ್ಕ. ಅಟ್ಟ ಹತ್ತಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ, "ಅಪ್ಪಾ, ಹೂಂ ಅಂದ್ಬುಡಿ" ಎಂದ.

ಆಮೇಲೆ ಮದುವೆಯಾಯಿತು, ಕೆಲಸವಾಯಿತು. ಆದರೆ ತಾನು ಬಿದ್ದ ಆ ಕುಸ್ತಿಯ ಮಾತು ಬಂದರೆ ಮಾತ್ರ ಇವನು ಅಲ್ಲಿಂದ ಎದ್ದುಬಿಡುತ್ತಿದ್ದ. ಆ ಅಟ್ಟದ ಕತ್ತಲು ಇನ್ನೂ ಒಳಗೆಲ್ಲೋ ಇದೆ ಎಂದು ನನಗೆ ಅಳುಕು.

ಈ ಸಂಜೆ ಬೀಗರ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಗೆ ಕುಳಿತೆವು. ನಮ್ಮಲ್ಲಿ ಪುರುಡಿನ ಸೂತಕವಿಲ್ಲ. ಮುದ್ದೆ, ಅವರೆಕಾಳು ಸಾರು, ಗಸಗಸೆ ಪಾಯಸ. ನಂಜಪ್ಪನವರು ಇದ್ದಕ್ಕಿದ್ದಂತೆ ಕೇಳಿಬಿಟ್ಟರು: "ಅಳಿಯಂದ್ರೇ, ಅವತ್ತು ನಿಮ್ಮನ್ನ ಬೀಳಿಸ್ದೋನು ಯಾವ ಪಟ್ಟು ಆಕ್ದ?"

ಇವನು ಈಗ ಎದ್ದೇಬಿಡುತ್ತಾನೆಂದು ನಾನು ಅವನ ಕಡೆ ತಿರುಗಿದೆ.

ಮಗ ಏಳಲಿಲ್ಲ, ತನ್ನ ಮುದ್ದೆಯನ್ನು ಎಲೆಯ ನಡುವಿಗೆ ತಳ್ಳಿದ. "ಈ ಮುದ್ದೆ ನಾನು ಅಂತ ಇಟ್ಕಳಿ ಮಾವ. ಅವ್ನು ಇಂಗ್ ಬಂದ. ಒಳ್ಳೇ ಪೈಲ್ವಾನ ಕಣ್ರೀ ಅವ್ನು! ನಾನು ಕಾಲು ತಗಳಾನ ಅಂತ ಬಗ್ಗುದ್ನಾ..." ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಿದ್ದೆವು. ತನ್ನ ಸೋಲನ್ನು ತಾನೇ ನಗುತ್ತ ಹೇಳುತ್ತಿದ್ದ.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಗು ಅತ್ತಿತು. ಇವನು ಕತೆಯನ್ನು ಅರ್ಧಕ್ಕೇ ಬಿಟ್ಟು, ಎಂಜಲುಗೈಯನ್ನು ಮೇಲೆತ್ತಿಕೊಂಡು ಒಳಗೆ ಓಡಿದ. ಪಂಕ್ತಿಯ ನಡುವೆ ಏಳಬಾರದೆಂದು ಯಾರೂ ಅನ್ನಲಿಲ್ಲ. ಮುಂದೇನಾಯಿತೆಂದೂ ಯಾರೂ ಕೇಳಲಿಲ್ಲ.

ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.