ಮೈಗೆ ನೆನಪಿರುವ ಸದ್ದು

ನನ್ನ ತಮ್ಮನಿಗೆ ಫಿಟ್ಸ್ ಶುರುವಾದದ್ದು ಹೈಸ್ಕೂಲಿನಲ್ಲಿರುವಾಗ. ಮೊದಮೊದಲು ಮನೆಯಲ್ಲಿ ಎಲ್ಲರಿಗೂ ಕೈಕಾಲು ಬಿಟ್ಟುಹೋಗುತ್ತಿತ್ತು. ಆಮೇಲೆ ನಾವು ಕಲಿತೆವು. ಬಿದ್ದಾಗ ಮಗ್ಗುಲಿಗೆ ಹೊರಳಿಸಿ ತಲೆಯಡಿಗೆ ಮೆತ್ತಗಿನದ್ದೇನಾದರೂ ಇಟ್ಟರೆ ಸಾಕು, ಬಾಯಿಗೆ ಏನೂ ತುರುಕಬಾರದು, ಕೈಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ನಿಜವಾದ ಕಷ್ಟ ಇದ್ದದ್ದು ನಂತರದ ಹೊತ್ತಿನಲ್ಲಿ. ನಡುಕ ನಿಂತ ಮೇಲೆ ಅವನು ಕಣ್ಣು ತೆರೆದು ಏಳುತ್ತಿದ್ದ, ನಡೆಯುತ್ತಿದ್ದ, ಆದರೆ ಅವನಿಗೆ ಯಾವುದರ ಅರಿವೂ ಇರುತ್ತಿರಲಿಲ್ಲ. ಹೆಸರು ಕೇಳಿದರೆ ಹೇಳುತ್ತಿರಲಿಲ್ಲ. ಎತ್ತಲೋ ಹೊರಟುಬಿಡುತ್ತಿದ್ದ. ಆಗ ಯಾರಾದರೂ ಕೈ ಹಿಡಿದು ಎಳೆದರೆ ದೂಡುತ್ತಿದ್ದ. ಒಮ್ಮೆ ಅಮ್ಮನನ್ನೇ ದೂಡಿ ಬೀಳಿಸಿದ್ದ, ಆಮೇಲೆ ಎಚ್ಚರವಾದಾಗ ಅವಳ ಮೊಣಕೈಯ ಗಾಯ ನೋಡಿ, ಇದೆಂತ ಅಮ್ಮ, ಎಲ್ಲಿ ಬಿದ್ದದ್ದು ಎಂದು ಕೇಳಿದ್ದ.

ಅಮ್ಮ ಆ ದಿನದಿಂದ ಒಂದು ನಿಯಮ ಮಾಡಿದಳು. ಅವನನ್ನು ಯಾರೂ ಹಿಡಿಯಬಾರದು. ಪಕ್ಕದಲ್ಲಿ ನಡೆಯುತ್ತ ಮೆಲ್ಲಗೆ ಮಾತಾಡುತ್ತ ಇರಬೇಕು. ಸ್ವಲ್ಪ ಹೊತ್ತಿಗೆ ಅವನು ತಾನಾಗಿಯೇ ಮರಳುತ್ತಾನೆ. ಗಡಿನಾಡಿನಲ್ಲಿ, ನೆಕ್ರಾಜೆ ಕಡೆಯ ನಮ್ಮ ಮನೆಯ ಸುತ್ತಲಿನವರಿಗೆಲ್ಲ ಈ ನಿಯಮ ಗೊತ್ತಿತ್ತು. ಅವನು ಹೋಗುತ್ತಿದ್ದ ಬಸ್ಸಿನ ಕಂಡಕ್ಟರಿಗೆ ಗೊತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ಬೇಕರಿಯ ಯಜಮಾನರು, ನಾವೆಲ್ಲ ಹಾಜಿ ಎಂದು ಕರೆಯುವ ಹಿರಿಯರು, ಒಲೆಯ ಹತ್ತಿರದ ಗೋಡೆಗೆ ಒಂದು ಹಳೆಯ ಹಾಸಿಗೆ ಒರಗಿಸಿಟ್ಟಿದ್ದರು. ಅವನು ಅಲ್ಲಿ ಬ್ರೆಡ್ಡು, ರಸ್ಕು, ಬೆಣ್ಣೆ ಬಿಸ್ಕತ್ತು ಮಾಡುತ್ತಿದ್ದ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ತಿಂಗಳುಗಟ್ಟಲೆ ಏನೂ ಆಗುತ್ತಿರಲಿಲ್ಲ. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳಾದ್ದರಿಂದ ಅವನ ಮಾತ್ರೆ ನನ್ನದೇ ಹೊಣೆ. ನಮ್ಮ ಅಂಗಡಿಯ ಕಾಗದದ ಕವರಿನಲ್ಲಿ ಹಾಕಿ, ಬೆಳಿಗ್ಗೆ, ರಾತ್ರಿ ಎಂದು ಬರೆದು ಅವನ ಜೇಬಿಗೆ ನಾನೇ ತುರುಕುತ್ತಿದ್ದೆ.

ಒಂದು ಮಧ್ಯಾಹ್ನ ಹಾಜಿಯವರು ಅವನನ್ನು ಹಿಟ್ಟು ಕಲಸುವ ಯಂತ್ರದ ಬೆಲ್ಟ್ ತರಲು ಬೇರೊಂದು ಪೇಟೆಗೆ ಕಳಿಸಿದರು. ಆ ಪೇಟೆಯ ಹೆಸರು ಇಲ್ಲಿ ಬೇಡ. ದೊಡ್ಡ ಊರೇನೂ ಅಲ್ಲ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ, ಅಷ್ಟೇ.

ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಟಿಕೆಟ್ ಮಾರುವ ಒಬ್ಬ ಹೆಂಗಸು ಕಂಡಿದ್ದಾರೆ. ಅವರು ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ನಾನೇ ಅಲ್ಲಿದ್ದಂತೆ ಕಾಣುತ್ತದೆ.

ತಮ್ಮ ಬಸ್ಸಿಳಿದು ನೆರಳಿಗೆ ಬಂದವನು ಅಲ್ಲೇ ಬಿದ್ದ. ಆ ಹೆಂಗಸು ತನ್ನ ಸ್ಟೂಲಿನಿಂದ ಎದ್ದು ಹೋಗಿ ಸೆರಗಿನಿಂದ ಅವನ ಬಾಯಿಯ ನೊರೆ ಒರೆಸಿದರು. ನಡುಕ ನಿಂತಿತು. ಅವರು ಸೋಡಾ ತರಲು ಹೋಗಿ ಬರುವಷ್ಟರಲ್ಲಿ ಅವನು ಎದ್ದು ನಡೆದುಬಿಟ್ಟಿದ್ದ. ಎದುರಿನ ಫ್ಯಾನ್ಸಿ ಅಂಗಡಿಗೆ ಹೊಕ್ಕು, ಬಳೆ ನೋಡುತ್ತಿದ್ದ ಹುಡುಗಿಯರ ನಡುವೆ ಸುಮ್ಮನೆ ನಿಂತ. ಅಂಗಿ ಮಣ್ಣಾಗಿತ್ತು, ಪ್ಯಾಂಟು ಒದ್ದೆಯಾಗಿತ್ತು. ಕುಡಿದಿದ್ದಾನೆ ಎಂದು ಯಾರೋ ಹೇಳಿದರು. ಹಾಗೆ ಒಬ್ಬರು ಹೇಳಿದರೆ ಸಾಕು, ಎಲ್ಲರೂ ಅದನ್ನೇ ಹೇಳುತ್ತಾರೆ. ಟ್ರಾಫಿಕ್ ನೋಡಿಕೊಳ್ಳಲು ನಿಂತಿದ್ದ ಒಬ್ಬ ಯುವ ಪೊಲೀಸನನ್ನು ಕರೆದರು.

ಪೊಲೀಸ್ ಅವನ ಅಂಗಿ ಹಿಡಿದು ಹೊರಗೆ ಎಳೆದು, "ಪೇರೆಂತಾಡಾ?" ಎಂದು ಮಲಯಾಳದಲ್ಲಿ ಹೆಸರು ಕೇಳಿದ. ತಮ್ಮನಿಗೆ ಮಲಯಾಳ ಬರುತ್ತದೆ. ಆ ಹೊತ್ತಿನಲ್ಲಿ ಕನ್ನಡವೂ ಬರುತ್ತಿರಲಿಲ್ಲ, ತುಳುವೂ ಬರುತ್ತಿರಲಿಲ್ಲ. ಮತ್ತೆ ಕೇಳಿದ. ತೋಳು ತಿರುಚಿದ. ತಮ್ಮ ದೂಡಿದ. ಪೊಲೀಸ್ ನಿಂತಿದ್ದ ಒಂದು ಸ್ಕೂಟರಿನ ಮೇಲೆ ಬಿದ್ದ, ಟೋಪಿ ಉರುಳಿತು, ನೋಡುತ್ತಿದ್ದವರಲ್ಲಿ ಕೆಲವರು ನಕ್ಕರು. ಆ ನಗು ಇಲ್ಲದಿದ್ದರೆ ಬಹುಶಃ ಮುಂದಿನದ್ದು ಆಗುತ್ತಿರಲಿಲ್ಲ ಎಂದು ಲಾಟರಿಯ ಹೆಂಗಸು ಪ್ರತಿಸಲವೂ ಹೇಳುತ್ತಿದ್ದರು.

ಪೊಲೀಸನ ಸೊಂಟದಲ್ಲಿ ಒಂದು ಕಪ್ಪು ಟಾರ್ಚ್ ಇತ್ತು. ಇಲಾಖೆ ಕೊಟ್ಟದ್ದಲ್ಲ, ಗಲ್ಫಿನಿಂದ ಯಾರೋ ತಂದುಕೊಟ್ಟದ್ದು. ಮುಂದಿನ ತುದಿಯಲ್ಲಿ ಎರಡು ಲೋಹದ ಹಲ್ಲುಗಳು. ಗುಂಡಿ ಒತ್ತಿದರೆ ಅವುಗಳ ನಡುವೆ ನೀಲಿ ಕಿಡಿ ಹಾರುತ್ತದೆ, ಮೈಗೆ ತಾಗಿಸಿದರೆ ಎಂಥವನೂ ಕುಸಿಯುತ್ತಾನೆ. ಅದನ್ನು ತಮ್ಮನ ಕುತ್ತಿಗೆಗೆ ಇಟ್ಟ. ತಮ್ಮ ಬಿದ್ದ. ಬಿದ್ದವನ ಪಕ್ಕೆಗೆ ಇಟ್ಟ, ತೊಡೆಗೆ ಇಟ್ಟ. ಟಿಕ್ಕಿಟಿಕ್ಕಿಟಿಕ್ಕಿ ಎಂದು ಸದ್ದಾಗುತ್ತಿತ್ತಂತೆ. ಹೆಂಗಸು ಸೋಡಾ ಬಾಟಲಿ ಹಿಡಿದುಕೊಂಡೇ ಓಡಿ ಬಂದು, ಅದು ಸೌಖ್ಯವಿಲ್ಲದ ಹುಡುಗ, ಬಿಡಿ ಸಾರ್ ಎಂದು ಕೂಗಿದರು. ಅಷ್ಟರಲ್ಲಿ ಮತ್ತೆ ಫಿಟ್ಸ್ ಬಂದಿತ್ತು. ನಾಟಕ ಮಾಡುತ್ತಿದ್ದಾನೆ ಎಂದು ಪೊಲೀಸ್ ಇನ್ನೊಮ್ಮೆ ಇಟ್ಟ. ಆಮೇಲೆ ನಾಟಕವಲ್ಲವೆಂದು ಅವನಿಗೂ ಗೊತ್ತಾಯಿತು. ಗೊತ್ತಾದಾಗ ಅವನ ಮುಖ ಮಗುವಿನ ಮುಖದ ಹಾಗಾಯಿತು ಎಂದು ಹೇಳಿದ್ದೂ ಆ ಹೆಂಗಸೇ.

ತಮ್ಮನ ಜೇಬಿನ ಕವರಿನ ಮೇಲೆ ನಮ್ಮ ಅಂಗಡಿಯ ಫೋನ್ ನಂಬರ್ ಇತ್ತು. ಲಾಟರಿಯ ಹೆಂಗಸೇ ಅದನ್ನು ನೋಡಿ ಫೋನ್ ಮಾಡಿದ್ದು. ಎತ್ತಿದ್ದು ನಾನು.

ಆಸ್ಪತ್ರೆಗೆ ನಾನು ಮುಟ್ಟುವಾಗಲೂ ಫಿಟ್ಸ್ ಬಿಟ್ಟಿರಲಿಲ್ಲ. ಒಂದು ನಿಲ್ಲುವುದು, ಎಚ್ಚರವಾಗುವ ಮೊದಲೇ ಇನ್ನೊಂದು ಬರುವುದು. ಹೊರಗೆ ಬೆಂಚಿನಲ್ಲಿ ಪೊಲೀಸಿನವರಿಬ್ಬರು ಕೂತಿದ್ದರು. ಬಿದ್ದು ಪೆಟ್ಟಾದದ್ದು ಎಂದು ಅವರು ಬರೆಸಿಬಿಟ್ಟಿದ್ದರು. ಅಂಗಿ ಕತ್ತರಿಸಿ ತೆಗೆದ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಅವನ ಕುತ್ತಿಗೆ ತೋರಿಸಿದರು. ಎರಡು ಕೆಂಪು ಚುಕ್ಕೆ. ಪಕ್ಕೆಯಲ್ಲಿ ಅಷ್ಟೇ ಅಂತರದಲ್ಲಿ ಮತ್ತೆರಡು, ಅದರ ಕೆಳಗೆ ಮತ್ತೆರಡು. ಯಾವುದೋ ಪ್ರಾಣಿ ಕಚ್ಚಿ ಕಚ್ಚಿ ಬಿಟ್ಟ ಹಾಗೆ. ಬಿದ್ದರೆ ಹೀಗೆ ಆಗುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಕರೆಂಟಿನಿಂದಲೇ ಫಿಟ್ಸ್ ಮರಳಿ ಬಂತಾ ಎಂದು ಕೇಳಿದೆ. ಖಂಡಿತ ಹಾಗೆಂದು ಹೇಳಲು ಆಗುವುದಿಲ್ಲ, ಆದರೆ ಈಗಷ್ಟೇ ಫಿಟ್ಸ್ ಬಂದು ಸೋತ ಮೈಗೆ, ನೋವು ಮತ್ತು ಹೆದರಿಕೆಯೂ ಸೇರಿ, ಇದು ಸಣ್ಣ ಸಂಗತಿಯಲ್ಲ ಎಂದರು. ಹೃದಯ ನಿಂತಿದ್ದರೂ ಆಶ್ಚರ್ಯವಿರಲಿಲ್ಲ ಎಂದೂ ಹೇಳಿದರು.

ಅವನು ಮಾರನೆಯ ದಿನ ಕಣ್ಣು ತೆರೆದ. ನಾಲಗೆ ಕಚ್ಚಿ ಹರಿದಿತ್ತು, ಭುಜದ ಕೀಲು ತಪ್ಪಿತ್ತು. ಬೆಲ್ಟ್ ಎಲ್ಲಿ ಎಂದು ಕೇಳಿದ.

ಅವನು ಮನೆಗೆ ಬಂದ ಮೇಲೆ ಅಮ್ಮ, ನಾನು, ಹಾಜಿಯವರು ಠಾಣೆಗೆ ಹೋದೆವು. ಅಲ್ಲಿನ ಅಧಿಕಾರಿ ನಮ್ಮ ಕಡೆಯವರೇ, ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಮ್ಮ ಪೊಲೀಸ್ ಹುಡುಗನಿಗೆ ಹೊಸ ಕೆಲಸ, ದೂಡಿಸಿಕೊಂಡು ಗಾಬರಿಯಾದದ್ದು, ಪರಾತಿ ಕೊಟ್ಟರೆ ಅವನ ಬದುಕೇ ಹಾಳು ಎಂದರು. ಪರಾತಿ ಎಂಬುದು ಇಲ್ಲಿನ ಕಚೇರಿಗಳಲ್ಲಿ ದೂರಿಗೆ ಇರುವ ಮಾತು. ಹಾಜಿಯವರು ಏನೋ ಹೇಳಲು ಹೊರಟಾಗ ಅಧಿಕಾರಿ ಡ್ರಾಯರಿನಿಂದ ಆ ಟಾರ್ಚನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ನೋಡಿ, ಇದರಲ್ಲಿ ಎಂತದೂ ಇಲ್ಲ. ನಾಯಿ ಓಡಿಸಲಿಕ್ಕೆ ಇಟ್ಟುಕೊಳ್ಳುವುದು. ಒಂದು ಚಿವುಟಿದ ಹಾಗೆ ಆಗ್ತದೆ, ಅಷ್ಟೇ."

ಹೇಳಿ ಗುಂಡಿ ಒತ್ತಿದರು. ಹಗಲಿನಲ್ಲೂ ಆ ನೀಲಿ ಕಾಣಿಸಿತು. ಸದ್ದು ನಾನು ಊಹಿಸಿದ್ದಕ್ಕಿಂತ ದೊಡ್ಡದಿತ್ತು. ಒಣಗಿದ ಏನನ್ನೋ ಬೇಗ ಬೇಗ ಮುರಿದ ಹಾಗೆ.

ಅಮ್ಮ ಸೀರೆಯ ಸೆರಗು ಸರಿಸಿ, ಬಳೆ ಮೇಲಕ್ಕೆ ನೂಕಿ, ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು.

"ನನ್ನ ಕೈಗೆ ಇಡಿ ಸಾರ್."

ಅಧಿಕಾರಿಗೆ ಅರ್ಥವಾಗಲಿಲ್ಲ.

"ಅವನಿಗೆ ಆ ದಿನದ್ದು ಎಂತದೂ ನೆನಪಿಲ್ಲ. ಕೇಳಿದರೆ ಹೇಳಲಿಕ್ಕೆ ಗೊತ್ತಾಗುವುದಿಲ್ಲ. ಹೆತ್ತವಳಿಗೆ ಗೊತ್ತಿರಬೇಕಲ್ಲ ಹೇಗೆ ಆಗ್ತದೆ ಅಂತ. ಚಿವುಟಿದ ಹಾಗೆ ಅಲ್ಲವಾ? ಇಡಿ."

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ಗಾಯಕ್ಕೆ ಮದ್ದು ಹಚ್ಚಿಸಿಕೊಳ್ಳಲು ಬಂದವಳ ಹಾಗೆ ಕೈ ಚಾಚಿ ಕಾದಳು. ಅಧಿಕಾರಿ ಟಾರ್ಚನ್ನು ಮತ್ತೆ ಡ್ರಾಯರಿಗೆ ಹಾಕಿ ಮುಚ್ಚಿದರು. ಕೈಯನ್ನು ಹಿಂದೆ ತೆಗೆದುಕೊಳ್ಳಲು ಹಾಜಿಯವರು ಎರಡು ಸಲ ಹೇಳಬೇಕಾಯಿತು. ನಾವು ಪರಾತಿ ಕೊಟ್ಟು ಬಂದೆವು.

ವಿಚಾರಣೆ ಮೇಲಿನ ಕಚೇರಿಯಲ್ಲಿ ಆಯಿತು. ಲಾಟರಿಯ ಹೆಂಗಸು ತನ್ನ ಒಂದು ದಿನದ ವ್ಯಾಪಾರ ಬಿಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ವಿಚಾರಣೆ ನಡೆಸುವವರು ಅವರ ಮುಂದೆ ಒಂದು ಟಾರ್ಚ್ ಇಟ್ಟರು. ಕಪ್ಪು ಬಣ್ಣದ್ದೇ, ಆದರೆ ಸಾದಾ ಟಾರ್ಚ್. ಬೆಳಕು ಬಿಟ್ಟರೆ ಬೇರೇನೂ ಅದರಿಂದ ಬರುತ್ತಿರಲಿಲ್ಲ. ಇದೇ ಅಲ್ಲವೇ ಎಂದು ಕೇಳಿದರು. ಅಲ್ಲ ಎಂದರು ಆ ಹೆಂಗಸು. ನಿಮಗೆ ಕಣ್ಣು ಸರಿ ಕಾಣುತ್ತದೆಯೇ ಎಂದು ಕೇಳಿದರು. ಟಿಕೆಟಿನ ನಂಬರ್ ಓದಿ ಮಾರುವವಳು ನಾನು ಎಂದರು. ಠಾಣೆಯ ಮೇಜಿನ ಮೇಲೆ ನಾವು ಮೂವರೂ ಕಂಡ ಆ ಹಲ್ಲಿನ ಟಾರ್ಚ್ ಎಲ್ಲಿಗೆ ಹೋಯಿತೆಂದು ನಾವು ಕೇಳಿದೆವು. ಅಂಥದ್ದು ಠಾಣೆಯಲ್ಲಿ ಯಾವತ್ತೂ ಇರಲಿಲ್ಲ ಎಂದು ನಮಗೆ ಚಹಾ ಕೊಟ್ಟಿದ್ದ ಅಧಿಕಾರಿಯೇ ಹೇಳಿದರು. ಹೇಳುವಾಗ ಅಮ್ಮನ ಕಡೆ ನೋಡಲಿಲ್ಲ. ಡಾಕ್ಟರಮ್ಮ ಮಾತ್ರ ತಾನು ಕಂಡ ಗುರುತುಗಳನ್ನು ಕಂಡ ಹಾಗೆಯೇ ಹೇಳಿದರು.

ಕೊನೆಗೆ ಬಂದ ತೀರ್ಪು ಇಷ್ಟು: ಅಗತ್ಯಕ್ಕಿಂತ ಹೆಚ್ಚು ಬಲ ಪ್ರಯೋಗವಾಗಿದೆ. ಆ ಯುವಕನಿಗೆ ಬಡ್ತಿ ತಡೆದು ದೂರದ ಜಿಲ್ಲೆಗೆ ಹಾಕಿದರು. ಕರೆಂಟ್ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮೇಲೆ ಹೋಗಬಹುದು ಎಂದು ವಕೀಲರು ಹೇಳಿದರು. ಅಮ್ಮ ಬೇಡವೆಂದಳು. ಅವಳಿಗೆ ಅಷ್ಟರಲ್ಲಿ ಮನೆಯಲ್ಲೇ ಬೇರೆ ಚಿಂತೆ ಹತ್ತಿತ್ತು.

ತಮ್ಮನಿಗೆ ಆ ದಿನದ ಒಂದು ಚೂರೂ ನೆನಪಿರಲಿಲ್ಲ. ಬಸ್ಸು ಹತ್ತಿದ್ದು ನೆನಪಿತ್ತು, ಆಮೇಲೆ ಆಸ್ಪತ್ರೆಯ ಫ್ಯಾನು. ಆದರೆ ಅವನ ಮೈಗೆ ನೆನಪಿತ್ತು. ಮನೆಗೆ ಬಂದ ವಾರದಲ್ಲೇ ನಾನು ಗ್ಯಾಸಿನ ಒಲೆಗೆ ಲೈಟರ್ ಒತ್ತಿದಾಗ, ಜಗಲಿಯಲ್ಲಿ ಕೂತಿದ್ದವನು ಎದ್ದು ಅಂಗಳ ದಾಟಿ ಓಡಿದ. ತೋಟದ ಬೇಲಿಯ ಹತ್ತಿರ ಸಿಕ್ಕಿದಾಗ ಮೈಯೆಲ್ಲ ಬೆವರು. ಯಾಕೆ ಓಡಿದ್ದು ಎಂದರೆ ಅವನಿಗೇ ಗೊತ್ತಿರಲಿಲ್ಲ. ಲೈಟರ್ ಬಿಟ್ಟು ಬೆಂಕಿಪೊಟ್ಟಣ ತಂದೆವು. ಸೊಳ್ಳೆ ಹೊಡೆಯುವ ಬ್ಯಾಟನ್ನು ಪಕ್ಕದ ಮನೆಗೆ ಕೊಟ್ಟೆವು, ಸಂಜೆ ಅವರು ಅದನ್ನು ಬೀಸಿದರೆ ಇಲ್ಲಿ ಅವನು ಕಿವಿ ಮುಚ್ಚುತ್ತಿದ್ದ. ಆಮೇಲೆ ಅವರಿಗೆ ಹೋಗಿ ಹೇಳಿದೆವು, ಅವರೂ ಬಿಟ್ಟರು. ಹಾಜಿಯವರು ಬೇಕರಿಗೆ ಕರೆದರು. ಒಲೆಗೆ ಬೆಂಕಿ ಕೊಡುವ ಗುಂಡಿಯ ಸದ್ದಿಗೆ ಅವನು ಹಿಟ್ಟಿನ ಚೀಲದ ಹಿಂದೆ ಹೋಗಿ ಕೂತ. ಇಡೀ ಬೇಕರಿಯವರು ಕೆಲಸ ನಿಲ್ಲಿಸಿ, ಅಮ್ಮನ ನಿಯಮದ ಪ್ರಕಾರ, ಹಿಡಿಯದೆ, ಮೆಲ್ಲಗೆ ಮಾತಾಡುತ್ತ ನಿಂತರಂತೆ. ಹಾಜಿಯವರೇ ಅವನನ್ನು ಮನೆಗೆ ತಂದು ಬಿಟ್ಟು, ಅಂಗಳದಲ್ಲಿ ನಿಂತು ಅತ್ತರು.

ಒಂದು ದಿನ ಮೆಡಿಕಲ್ ಶಾಪಿಗೆ ಒಬ್ಬ ಬಂದು, ಎಲ್ಲ ಗಿರಾಕಿಗಳು ಹೋಗುವವರೆಗೆ ಬದಿಗೆ ನಿಂತ. ಸಾದಾ ಅಂಗಿಯಲ್ಲಿದ್ದ. ವಿಚಾರಣೆಯಲ್ಲಿ ಕಂಡ ಮುಖ, ಆ ಪೊಲೀಸನದ್ದು. ಮಲಯಾಳದಲ್ಲಿ, ಅಕ್ಕ ಎನ್ನುವ ಹಾಗೆ ಚೇಚಿ ಎಂದು ಕರೆದು, ತಮ್ಮ ಹೇಗಿದ್ದಾನೆ ಎಂದು ಕೇಳಿದ. ಅವನಿಗೆ ಸೌಖ್ಯವಿಲ್ಲವೆಂದು ತನಗೆ ಗೊತ್ತಿರಲಿಲ್ಲ, ಕುಡಿದಿದ್ದಾನೆ ಎಂದು ಎಲ್ಲರೂ ಹೇಳಿದರು, ಅದನ್ನು ಇಟ್ಟರೆ ಪೆಟ್ಟಾಗುವುದಿಲ್ಲ, ಲಾಠಿಗಿಂತ ಒಳ್ಳೆಯದು ಎಂದು ತಾನು ನಂಬಿದ್ದಾಗಿ ಹೇಳಿದ.

"ಕುಡಿದವನೇ ಆಗಿದ್ದರೆ ಇಡಬಹುದಿತ್ತಾ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಗಾಜಿನ ಕಪಾಟಿನೊಳಗಿನ ಕೆಮ್ಮಿನ ಔಷಧಿ ನೋಡುತ್ತ ನಿಂತ. ತಮ್ಮನನ್ನು ಒಮ್ಮೆ ಕಂಡು ಕ್ಷಮೆ ಕೇಳಬಹುದೇ ಎಂದ. ಬೇಡ ಎಂದೆ. ಅವನಿಗೆ ನಿನ್ನ ಮುಖ ನೆನಪಿಲ್ಲ, ನೆನಪು ಮಾಡಿಕೊಡಲು ಬರಬೇಡ ಎಂದೆ. ಹೋದ. ಅವನ ಮೇಲೆ ನನಗಿದ್ದ ಸಿಟ್ಟು ಅವನು ಬಾರದೇ ಇದ್ದಿದ್ದರೆ ಇನ್ನೂ ಗಟ್ಟಿಯಾಗಿ ಉಳಿಯುತ್ತಿತ್ತು. ಈಗ ಅದರೊಳಗೆ ಆ ಕಪಾಟು ನೋಡುತ್ತ ನಿಂತವನ ಮುಖವೂ ಸೇರಿಕೊಂಡಿದೆ, ಅದು ನನಗೆ ಇಷ್ಟವಿಲ್ಲ.

ಈಗ ತಮ್ಮ ಬೇಕರಿಯ ಮುಂಭಾಗದಲ್ಲಿ ರಸ್ಕು ಪ್ಯಾಕ್ ಮಾಡುತ್ತಾನೆ. ಒಲೆ ಹಚ್ಚಿದ ಮೇಲೆಯೇ ಅವನು ಅಲ್ಲಿಗೆ ಹೋಗುವುದು. ಒಬ್ಬನೇ ಬಸ್ಸು ಹತ್ತುವುದಿಲ್ಲ, ಹಾಜಿಯವರ ಮಗ ಬೈಕಿನಲ್ಲಿ ಕರೆದೊಯ್ಯುತ್ತಾನೆ. ಖಾಕಿ ಬಟ್ಟೆ ಕಂಡರೆ ಅವನಿಗೆ ಏನೂ ಆಗುವುದಿಲ್ಲ. ಪೊಲೀಸ್ ಜೀಪು ಬಂದು ಅಂಗಡಿಯ ಮುಂದೆ ನಿಂತರೆ ನಗುತ್ತಲೇ ಬ್ರೆಡ್ಡು ಕೊಡುತ್ತಾನೆ. ಅದನ್ನು ಕಂಡಾಗ ನಡುಗುವವಳು ನಾನು.

ಅವನ ಮುಂದೆ ನಾವು ಆ ದಿನದ ಸುದ್ದಿ ಎತ್ತುತ್ತಿರಲಿಲ್ಲ. ಆಫೀಸುಗಳಲ್ಲಿ ಅಪರಿಚಿತರ ಮುಂದೆಲ್ಲ ಹೇಳಿದ್ದೆವು, ಅವನಿಗೆ ಹೇಳಿರಲಿಲ್ಲ. ಕಳೆದ ಮಳೆಗಾಲದಲ್ಲಿ, ಮೆಟ್ಟಿಲಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅವನೇ ಕೇಳಿದ.

"ಅಕ್ಕ, ಆ ದಿನ ನಾನು ಯಾರಿಗಾದರೂ ಹೊಡೆದೆನಾ?"

ಇಷ್ಟು ಕಾಲ ಅವನನ್ನು ತಿನ್ನುತ್ತಿದ್ದದ್ದು ಅದು. ಕುತ್ತಿಗೆಯ ಕಲೆ, ತಪ್ಪಿದ ಭುಜ, ಕಿವಿಯೊಳಗಿನ ಸದ್ದು ಎಲ್ಲವನ್ನೂ ತನ್ನದೇ ಯಾವುದೋ ತಪ್ಪಿಗೆ ಬಿದ್ದ ಶಿಕ್ಷೆ ಎಂದು ಅವನು ತಿಳಿದಿದ್ದ.

"ಇಲ್ಲ ಮಾರಾಯ. ಒಬ್ಬ ನಿನ್ನ ಕೈ ತಿರುಚಿದ. ನೀನು ದೂಡಿದ್ದು ಮಾತ್ರ."

"ಅವನಿಗೆ ಪೆಟ್ಟಾಯ್ತಾ?"

"ಆಗಲಿಲ್ಲ."

ಅವನು ಎಣ್ಣೆಯ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡ. ಆಮೇಲೆ, ಉಳಿದದ್ದನ್ನೂ ಹೇಳು ಎಂದ. ನಾನು ಮೊದಲಿಂದ, ಅವನು ಬಸ್ಸಿಳಿದಲ್ಲಿಂದ, ಹೇಳಲು ಶುರುಮಾಡಿದೆ.